ಆಚಾರ್ರ ಕೊನೆಯ ಸಾಲು

ಆರಿದ್ರಾ ಮಳೆಯೋ ಪುನರ್ವಸುವೋ, ಈಗ ಸರಿಯಾಗಿ ನೆನಪಿಲ್ಲ. ಅಂಗಳಕ್ಕೆ ಹಾಸಿದ ಅಡಿಕೆ ದಬ್ಬೆಯ ಮೇಲೆ ಜಾರದಂತೆ ಕಾಲಿಡುತ್ತಾ ಹೋಗಿದ್ದಂತೂ ನೆನಪಿದೆ.

ತೀರ್ಥಹಳ್ಳಿ ಕಡೆಯ ಆ ಹಳೇ ಹೆಂಚಿನ ಮನೆಯನ್ನು ಅಪ್ಪ ಬೇಸಿಗೆಯಲ್ಲೇ ನೋಡಿ ಮೆಚ್ಚಿದ್ದರು. ಹೊಸದಾಗಿ ಸುಣ್ಣ ಬಳಿದ ಗೋಡೆ, ಬೀಟೆಯ ಹೆಬ್ಬಾಗಿಲು. ಮುಂಗಡ ಕೊಡಲು ಹೊರಟಾಗ ನಮ್ಮ ಬಡಗಿ ಆಚಾರ್ರು ತಡೆದರು. “ಮಳೆ ಹಿಡೀಲಿ ಮಾಷ್ಟ್ರೇ. ಬೇಸಿಗೇಲಿ ಯಾವ ಮನೇನೂ ಸೋರೂದಿಲ್ಲ.”

ಆಚಾರ್ರ ಬಾಯಲ್ಲಿ ಕವಳ ಇದ್ದರೆ ಮಾತಿಲ್ಲ, ಬರೀ ಕೈಸನ್ನೆ. ಅವತ್ತು ಗೋಡೆಯತ್ತ ತಿರುಗದೆ, ತಲೆಯೆತ್ತಿ ಮಾಡನ್ನೇ ನೋಡುತ್ತ ನಿಂತರು. ನೀರು ತೊಟ್ಟಿಕ್ಕಿದಲ್ಲೆಲ್ಲ ಸೀಮೆಸುಣ್ಣದಲ್ಲಿ ಸುತ್ತು ಹಾಕುವ ಕೆಲಸ ನನ್ನದು. ಆಮೇಲೆ ಅಟ್ಟ ಹತ್ತಿ ಪಕಾಸುಗಳಿಗೆ ಉಳಿ ಚುಚ್ಚಿದರು. ಒರಲೆ ತಿಂದದ್ದರೊಳಗೆ ಅದು ಬೆಂದ ಸುವರ್ಣಗೆಡ್ಡೆಗೆ ಇಳಿದ ಹಾಗೆ ಇಳಿಯಿತು.

ಹೆಂಚು ಮಾತ್ರ ಬಡಿದರೆ ಠಣ್ ಅನ್ನುತ್ತಿತ್ತು. ಮಂಗಳೂರಲ್ಲಿ ಬಾಸೆಲ್ ಮಿಶನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ ಮೇಲೆ ಘಟ್ಟ ಹತ್ತಿ ಬಂದ ಬಗೆ ಅದು. ನೂರು ಚದರಡಿ ಮಾಡಿಗೆ ಹೆಚ್ಚುಕಡಿಮೆ 150 ಬೇಕು. ಹಳೇದು ಉಳಿದಷ್ಟೂ ದುಡ್ಡು ಉಳಿಯಿತು.

ಅಷ್ಟರಲ್ಲಿ ಆ ಮನೆಯ ಅಜ್ಜಿ ಹಲಸಿನ ಹಪ್ಪಳ, ಬಿಸಿ ಕಷಾಯ ತಂದರು. ಕೆಂಡದಲ್ಲಿ ಸುಟ್ಟ ಹಪ್ಪಳ, ಮೇಲೆ ತೆಂಗಿನೆಣ್ಣೆ. ಆ ಪರಿಮಳಕ್ಕೆ ಆಚಾರ್ರೂ ಕವಳ ಉಗಿದು ಬಂದರು. ಬಾಯಿ ಖಾಲಿಯಾಗಿದ್ದಕ್ಕೇ ಇರಬೇಕು, ಮಾತೂ ಬಂತು. “ಮಣ್ಣಿನ ಗೋಡೆಗೆ ಸಿಮೆಂಟು ಮೆತ್ತಿದ್ದಾರೆ. ಒಳಗಿನ ತೇವ ಹೊರಗೆ ಹೋಗೂದಿಲ್ಲ. ಕಿತ್ತು ಸುಣ್ಣದ ಗಾರೆ ಮಾಡ್ಬೇಕು.”

ಜಗಲಿಯಲ್ಲೇ ಕೂತು, ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಲೆಕ್ಕ ಬರೆದರು: ಈ ವರ್ಷವೇ ಆಗಬೇಕಾದ್ದು, ಒಂದೆರಡು ಮಳೆಗಾಲ ತಡೆಯುವಂಥದ್ದು, ಮಾಡದಿದ್ದರೂ ನಡೆಯುವಂಥದ್ದು. ಮೊತ್ತ ಎಷ್ಟಾಯಿತೋ ಮರೆತಿದ್ದೇನೆ, ಕೊನೆಯ ಸಾಲನ್ನು ಮರೆತಿಲ್ಲ: “ಬಿಚ್ಚಿದ ಮೇಲೆ ಕಾಣುವುದಕ್ಕೆ ಕಾಲುಪಾಲು.”

ಆ ಚೀಟಿ ನೋಡಿ ಮನೆಯವರು ಬೆಲೆ ಇಳಿಸಿದರು. ಮಾಡು ಬಿಚ್ಚಿದಾಗ, ಗೋಡೆಯೊಳಗೆ ಹೂತಿದ್ದ ತೊಲೆಯ ತುದಿ ಒರಲೆಗೆ ಮಣ್ಣಾಗಿತ್ತು. ಕಾಲುಪಾಲು ಅಲ್ಲಿಗೇ ಹೋಯಿತು, ಸಾಲ ಮಾತ್ರ ಆಗಲಿಲ್ಲ.

ಹಳೇ ಮನೆ ಕೊಳ್ಳುವವರಿಗೆ ನಾನು ಇವತ್ತಿಗೂ ಹೇಳುವುದು ಇಷ್ಟೇ: ಮರ ಬಲ್ಲವರೊಬ್ಬರನ್ನು ಕರಕೊಂಡು ಒಂದು ಮಳೆಯಲ್ಲಿ ಹೋಗಿ ಬನ್ನಿ. ದುರಸ್ತಿಯ ಲೆಕ್ಕ ಕೂಡಿಸಿ, ಅದರ ಮೇಲೆ ಕಾಲುಪಾಲು ಇಡಿ. ಮುಂಗಡದ ಮಾತು ಆಮೇಲೆ.