ಮುಲ್ಕಿ ಯಾರು, ಪರದೇಶಿ ಯಾರು?

‘ಪರದೇಶಿ’ ಎಂಬ ಶಬ್ದಕ್ಕೆ ಬೇರೆ ದೇಶದವನೆಂಬುದು ಮೂಲಾರ್ಥ. ನಮ್ಮ ಜನರ ಬಾಯಲ್ಲಿ ಮಾತ್ರ ಅದು ದಿಕ್ಕಿಲ್ಲದವನೆಂಬ ಅರ್ಥವನ್ನು ತಾಳಿದೆ. ಹೊರಗಿನಿಂದ ಬಂದವನು ಎಷ್ಟು ಕಾಲ ಕಳೆದ ಮೇಲೆ ನಮ್ಮವನಾಗುತ್ತಾನೆ ಎಂಬ ಪ್ರಶ್ನೆಯನ್ನು ಎಲ್ಲ ರಾಜ್ಯಗಳೂ ಎದುರಿಸಿವೆ. ಬೀದರ ಸೀಮೆಗಂತೂ ಇದು ಆರು ಶತಮಾನಗಳ ಪ್ರಶ್ನೆ.

ಬಹಮನಿ ಅರಸ ಅಹಮದ್ ಶಾಹನು ಹದಿನೈದನೆಯ ಶತಮಾನದ ಪೂರ್ವಾರ್ಧದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದ ಮೇಲೆ ಇರಾನ್ ಮೊದಲಾದ ದೇಶಗಳಿಂದ ವಿದ್ವಾಂಸರು, ಯೋಧರು, ವರ್ತಕರು ಇಲ್ಲಿಗೆ ಬಂದರು. ಅವರಿಗೆ ಆಫಾಕಿಗಳೆಂದು ಹೆಸರು. ಅರಬ್ಬೀ ಮೂಲದ ‘ಆಫಾಕ್’ ಎಂದರೆ ದಿಗಂತಗಳು. ಮೊದಲೇ ನೆಲೆಸಿದ್ದವರು ದಖ್ಖನಿಗಳೆನಿಸಿದರು. ಅವರಲ್ಲಿಯೂ ಅನೇಕರ ಹಿರಿಯರು ಉತ್ತರದಿಂದ ಬಂದವರೇ. ಗಿಲಾನಿನಿಂದ 1453ರ ಸುಮಾರಿಗೆ ಬಂದ ಮಹಮೂದ ಗವಾನನು ಪ್ರಧಾನಿಯಾಗಿ ಅಧಿಕಾರಸ್ಥಾನಗಳನ್ನು ಎರಡೂ ಪಕ್ಷಗಳಿಗೆ ಸಮವಾಗಿ ಹಂಚಲು ಯತ್ನಿಸಿದನು. 1472ರಲ್ಲಿ ಪ್ರಸಿದ್ಧವಾದ ಮದರಸೆಯನ್ನು ಕಟ್ಟಿಸಿದನು. ವಿರೋಧಿಗಳು ಹೆಣೆದ ಕಪಟಪತ್ರವನ್ನು ನಂಬಿ ಸುಲ್ತಾನನು 1481ರಲ್ಲಿ ಅವನಿಗೆ ಮರಣದಂಡನೆ ವಿಧಿಸಿದನು. ಕೆಲವು ದಶಕಗಳಲ್ಲಿ ರಾಜ್ಯವು ಐದು ಹೋಳಾಯಿತು.

ನಿಜಾಮರ ಕಾಲದಲ್ಲಿ ಅದೇ ಪ್ರಶ್ನೆ ಕಾಯಿದೆಯ ರೂಪ ತಾಳಿತು. ಒಂದನೆಯ ಸಾಲಾರ್ ಜಂಗರು ಆಡಳಿತ ಸುಧಾರಣೆಗಾಗಿ ಉತ್ತರ ಭಾರತದಿಂದ ಅಧಿಕಾರಿಗಳನ್ನು ಕರೆಸಿದಾಗ ಸ್ಥಳೀಯರಲ್ಲಿ ಅಸಮಾಧಾನ ಬೆಳೆಯಿತು. 1919ರ ಮುಲ್ಕಿ ನಿಯಮಗಳು ಸರಕಾರಿ ನೌಕರಿಯನ್ನು ಸಾಮಾನ್ಯವಾಗಿ ಮುಲ್ಕಿಗಳಿಗೆ, ಅಂದರೆ ನಾಡಿಗರಿಗೆ, ಮೀಸಲಿರಿಸಿದವು. ಹೊರಗಿನವನು ಮುಲ್ಕಿಯಾಗಬೇಕಾದರೆ 15 ವರ್ಷ ಸಂಸ್ಥಾನದಲ್ಲಿ ನೆಲೆಸಿರಬೇಕು; ಹಿಂದಿನ ಊರಿಗೆ ಮರಳುವ ವಿಚಾರವನ್ನು ತೊರೆದಿರುವುದಾಗಿ ಪ್ರಮಾಣಪತ್ರವನ್ನೂ ಪಡೆದಿರಬೇಕು. ಈ ನಿಯಮ ಅನ್ಯಾಯದ್ದೇನಲ್ಲ. ಆದರೆ ಆಡಳಿತಭಾಷೆ ಉರ್ದುವಾಗಿದ್ದುದರಿಂದ ಕನ್ನಡವಷ್ಟೇ ಬಲ್ಲ ಔರಾದಿನ ರೈತನ ಮಗನು ಹುಟ್ಟಿನಿಂದ ಮುಲ್ಕಿಯಾಗಿದ್ದರೂ ಕಚೇರಿಯ ಹೊಸ್ತಿಲಲ್ಲಿ ಪರದೇಶಿಯೇ ಆಗಿದ್ದನು. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವಿರಿಸಿ ಒಳಗೆ ಕನ್ನಡ ಕಲಿಸಿದ ಸಂಗತಿ ಸರ್ವವಿದಿತ. ಹಕ್ಕನ್ನು ಕಾಯಿದೆ ಕೊಡಬಹುದು. ಅದನ್ನು ಪಡೆಯುವ ಸಾಮರ್ಥ್ಯವನ್ನು ಶಾಲೆಯೇ ಕೊಡಬೇಕು.

1956ರ ನವೆಂಬರ್ 1ರಂದು ಹಳೆಯ ಬೀದರ ಜಿಲ್ಲೆ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಅಂದಿನ ಮುಂಬಯಿ ರಾಜ್ಯಕ್ಕೆ ಸೇರಿದವು. ಬೀದರ, ಭಾಲ್ಕಿ, ಔರಾದಗಳು ಮೈಸೂರಿಗೆ ಬಂದವು. ಗಡಿ ಬಂದರೂ ಬೀಗತನ ನಿಲ್ಲಲಿಲ್ಲ. ಇದರ ಫಲವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸಂವಿಧಾನದ 98ನೆಯ ತಿದ್ದುಪಡಿಯಿಂದ 371(ಜೆ) ವಿಧಿ ಬಂದ ಮೇಲೆ ನಮ್ಮ ಮಕ್ಕಳು ಸ್ಥಳೀಯ ವ್ಯಕ್ತಿ ಪ್ರಮಾಣಪತ್ರ ಪಡೆಯಬೇಕಾಗಿದೆ. ಔರಾದ ಕಡೆಯ ಒಬ್ಬ ವಿದ್ಯಾರ್ಥಿನಿ ಚೊಚ್ಚಲ ಮಗುವಾದ್ದರಿಂದ ತಾಯಿಯ ತವರಾದ ಉದಗೀರದಲ್ಲಿ ಹುಟ್ಟಿದ್ದಳು. ಜನನಪತ್ರದಲ್ಲಿ ಪರರಾಜ್ಯದ ಹೆಸರು ಕಂಡು ಮನೆಯವರು ಗಾಬರಿಯಾದರು. ಅವಳ ತಂದೆಯೂ ನಮ್ಮ ಶಾಲೆಯಲ್ಲಿಯೇ ಓದಿದವರು. ಕಪಾಟಿನಿಂದ ಹಳೆಯ ದಾಖಲಾತಿ ಪುಸ್ತಕವನ್ನು ತೆಗೆಸಿ ನೋಡಿದಾಗ ಮಸುಕಾದ ಮಸಿಯಲ್ಲಿ ಅವರ ಹೆಸರು, ಊರು, ಸೇರಿದ ದಿನಾಂಕ ದೊರೆತವು. ಆ ಉತಾರೆಯನ್ನೂ ಇತರ ವಾಸದ ದಾಖಲೆಗಳನ್ನೂ ಲಗತ್ತಿಸಿದ ಮೇಲೆ ಪ್ರಮಾಣಪತ್ರ ಕೈಗೆ ಬಂತು. ಇಂದು ಆಕೆ ಬೀದರ ನಗರದಲ್ಲಿ ಉನ್ನತ ವ್ಯಾಸಂಗ ಮಾಡುತ್ತಿದ್ದಾಳೆ.

ಹಿಂದುಳಿದ ಸೀಮೆಗೆ ಇಂಥ ರಕ್ಷಣೆ ಅವಶ್ಯವೇ ಸರಿ. ಆದರೆ ಅದು ದುರ್ಬಲರಿಗೆ ಆಸರೆಯಾಗಬೇಕೇ ಹೊರತು ಬಂದವರ ಮೇಲಿನ ದ್ವೇಷಕ್ಕೆ ನೆಪವಾಗಬಾರದು. ನಮ್ಮವರೇ ಹೈದರಾಬಾದು, ಪುಣೆ, ಮುಂಬಯಿಗಳಿಗೆ ದುಡಿಯಲು ಹೋಗಿ ಅಲ್ಲಿ ಪರಸ್ಥಳದವರೆನಿಸಿಕೊಂಡಿದ್ದಾರೆ. ಕಾಶ್ಮೀರದಿಂದ ಬಂದ ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಮಾರಿ ಕಲ್ಯಾಣದವರಾದರೆಂದು ಶರಣಪರಂಪರೆ ಹೇಳುತ್ತದೆ. ಅವರನ್ನು ನಮ್ಮವರಾಗಿಸಿದುದು ಕಾಯಕ.

ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳ ಹಾಳೆಗಳು ಜೀರ್ಣವಾಗುತ್ತಿವೆ. ಅವುಗಳನ್ನು ರಕ್ಷಿಸುವ ಕಾರ್ಯಕ್ಕೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಮನಸ್ಸು ಮಾಡಬೇಕೆಂದು ವಿನಂತಿಸುತ್ತೇನೆ. ಎಷ್ಟೋ ಬಡ ಕುಟುಂಬಗಳಿಗೆ ಈ ನೆಲದವರೆಂದು ಹೇಳಿಕೊಳ್ಳಲು ಆ ಒಂದು ಸಾಲೇ ಆಧಾರವಾಗಿದೆ.