ಸತ್ಕಾರಕ್ಕೆ ಉತ್ತರ

ಭಾಷಣ ಬರೆಯುವ ಕೆಲಸ ಶಾಲೆಯ ಮಾಸ್ತರರಿಗೆ ಹೊಸದೇನೂ ಅಲ್ಲ. ಸ್ವಾಗತದ ಮಾತು, ಅತಿಥಿಗಳ ಪರಿಚಯ, ನಿವೃತ್ತರಾಗುವ ಗುರುಗಳಿಗೆ ಬೀಳ್ಕೊಡುಗೆ, ಗಣರಾಜ್ಯ ದಿನದಂದು ಏಳನೆಯ ಇಯತ್ತೆಯ ಹುಡುಗನು ಬಾಯಿಪಾಠ ಮಾಡಿ ಒಪ್ಪಿಸುವ ನಾಲ್ಕು ವಾಕ್ಯ, ಕಡೆಗೆ ವಂದನಾರ್ಪಣೆ, ಇವೆಲ್ಲವನ್ನೂ ಊರವರು ನಮ್ಮ ಕೈಯಿಂದಲೇ ಬರೆಯಿಸಿಕೊಳ್ಳುವುದು ವಾಡಿಕೆ. ಈ ಎಲ್ಲ ಬಗೆಗಳಲ್ಲಿ ಒಂದು ಮಾತ್ರ ಬಹುಕಾಲ ನಮ್ಮ ಪಾಲಿಗೆ ಬಂದಿರಲಿಲ್ಲ. ಅದು ಸತ್ಕಾರಕ್ಕೆ ಉತ್ತರ. ಪರರನ್ನು ಹೊಗಳಲು ಭಾಷೆಯಲ್ಲಿ ಮಾತುಗಳು ಧಾರಾಳವಾಗಿ ದೊರೆಯುತ್ತವೆ. ಹೊಗಳಿಸಿಕೊಂಡವನು ಏನು ಹೇಳತಕ್ಕದ್ದು ಎಂಬುದನ್ನು ನಾವು ಓದಿದ ವ್ಯಾಕರಣವಾಗಲಿ ನಿಬಂಧಮಾಲೆಯಾಗಲಿ ಕಲಿಸಿರಲಿಲ್ಲ.

ಕಳೆದ ವರ್ಷ ಸಾಂಗಲಿಯ ಒಂದು ಸಂಸ್ಥೆಯವರು ಪ್ರಾಥಮಿಕ ಶಿಕ್ಷಕರಲ್ಲಿ ಕೆಲವರನ್ನು ಗೌರವಿಸಬೇಕೆಂದು ಗೊತ್ತುಮಾಡಿ, ಆ ಪಟ್ಟಿಯಲ್ಲಿ ನಮ್ಮ ಹೆಸರನ್ನೂ ಸೇರಿಸಿದರು. ಮೊದಲು ಜತ್ತ ತಾಲೂಕಿನ ಹಳ್ಳಿಗಳಲ್ಲಿ, ತರುವಾಯ ಮಿರಜ ತಾಲೂಕಿನಲ್ಲಿ, ಒಟ್ಟು ೩೧ ವರ್ಷ ಕನ್ನಡ ಶಾಲೆಗಳಲ್ಲಿ ಕಲಿಸಿದುದೇ ನಮ್ಮ ಯೋಗ್ಯತೆ. ಶಾಲು, ಶ್ರೀಫಲ, ಒಂದು ಮಾನಪತ್ರ. ಉತ್ತರ ಕೊಡಲು ಪ್ರತಿಯೊಬ್ಬರಿಗೆ ಐದು ನಿಮಿಷ. ಮಾನಪತ್ರದ ಪ್ರತಿಯೊಂದನ್ನು ಎಂಟು ದಿನ ಮುಂಚಿತವಾಗಿಯೇ ಕಳುಹಿಸಿದ್ದರು. ಅದರ ಬರಹ ಸೊಗಸಾಗಿತ್ತು. ಅದರೊಳಗಿನ ಒಂದು ವಾಕ್ಯ ಹೀಗಿತ್ತು: ಇವರ ವರ್ಗದಿಂದ ಒಂದು ಮಗುವೂ ಶಾಲೆ ಬಿಟ್ಟು ಹೋಗಲಿಲ್ಲ. ಆ ವಾಕ್ಯದ ಸಂಗತಿಯನ್ನು ಮುಂದೆ ಹೇಳುವೆವು.

ಬರೆಯಲು ಕುಳಿತಾಗ ಮೊದಲು ಕೈಗೆ ಬರುವವು ಸಿದ್ಧವಾದ ಮಾತುಗಳೇ. ‘ಈ ಗೌರವಕ್ಕೆ ನಾನು ಪಾತ್ರನಲ್ಲ’ ಎಂಬುದು ಮೊದಲನೆಯದು. ವಿನಯದಂತೆ ಕಾಣುವ ಈ ಮಾತನ್ನು ತುಸು ತಿರುಗಿಸಿ ನೋಡಿದರೆ, ನಮ್ಮನ್ನು ಆರಿಸಿದವರಿಗೆ ಆರಿಸಲು ಬಾರದೆಂದು ತುಂಬಿದ ಸಭೆಯಲ್ಲಿ ಹೇಳಿದಂತಾಗುತ್ತದೆ. ಪಾತ್ರನಲ್ಲವೆಂಬುದು ಮನಸ್ಸಿನ ಮಾತಾಗಿದ್ದರೆ ಕಾಗದ ಬರೆದು ತಿಳಿಸಿ ಮನೆಯಲ್ಲಿಯೇ ಇರಬಹುದಾಗಿತ್ತು. ‘ಇದು ನನ್ನದಲ್ಲ, ನಿಮ್ಮೆಲ್ಲರದು’ ಎಂಬುದು ಎರಡನೆಯದು. ಎಲ್ಲರಿಗೂ ಸೇರಿದ ಋಣವು ಕಡೆಗೆ ಯಾರಿಗೂ ಸಲ್ಲುವುದಿಲ್ಲ. ಸಭೆಯವರು ಶಾಲಿನಲ್ಲಿ ಪಾಲು ಕೇಳುವುದೂ ಇಲ್ಲ. ‘ಮಾತೇ ಹೊರಡದಾಗಿದೆ’ ಎಂಬುದು ಮೂರನೆಯದು. ಹಾಗೆಂದವರು ಅರ್ಧ ತಾಸಿಗೆ ಮುಂಚೆ ಕುಳಿತುದನ್ನು ನಾವು ಕಂಡಿಲ್ಲ. ಈ ಮೂರನ್ನೂ ಬದಿಗಿಟ್ಟ ಮೇಲೆ ನಮ್ಮ ಮುಂದೆ ಉಳಿದುದು ಬರಿಯ ಕಾಗದ.

ಆಗ ನೆನಪಿಗೆ ಬಂದವು ನಮ್ಮ ಹಳೆಯ ದಾನಶಾಸನಗಳು. ಮಿರಜವು ಶಾಸನಗಳಲ್ಲಿ ಮಿರಿಂಜೆಯೆಂದು ಹೆಸರಾಗಿದ್ದ ಕಾಲದಿಂದಲೂ ಈ ಸೀಮೆಯಲ್ಲಿ ಕೊಟ್ಟುದನ್ನು ಕಲ್ಲಿನಲ್ಲಿಯೋ ತಾಮ್ರದಲ್ಲಿಯೋ ಬರೆದಿಡುವ ಪದ್ಧತಿಯಿತ್ತು. ಶಾಸನವನ್ನು ಬರೆದವನು ತನ್ನ ಅರಸನ ಬಿರುದುಗಳನ್ನು ಎಷ್ಟೇ ಉದ್ದವಾಗಿ ಹೇಳಲಿ, ದಾನದ ಭಾಗಕ್ಕೆ ಬಂದೊಡನೆ ಅವನ ಮಾತು ನಿಷ್ಕೃಷ್ಟವಾಗುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಕಾರ್ಯಕ್ಕಾಗಿ, ಯಾವ ದಿನ, ಭೂಮಿಯ ಮೂಡಣ ಮೇರೆ ಯಾವುದು, ಪಡುವಣ ಮೇರೆ ಯಾವುದು, ಎಲ್ಲವೂ ಅಲ್ಲಿದೆ. ಕಡೆಯಲ್ಲಿ, ದಾನವನ್ನು ಕೊಡುವುದಕ್ಕಿಂತ ಕೊಟ್ಟುದನ್ನು ಕಾಪಾಡುವುದು ಹಿರಿದೆಂಬ ಎಚ್ಚರಿಕೆಯಿದೆ. ಹತ್ತನೆಯ ಶತಮಾನದ ಪಂಪನು ತನಗೆ ಅರಿಕೇಸರಿಯಿಂದ ದೊರೆತ ಧರ್ಮವುರವೆಂಬ ಅಗ್ರಹಾರದ ಸಂಗತಿಯನ್ನು ತನ್ನ ಕಾವ್ಯದಲ್ಲಿಯೇ ಹೇಳಿಕೊಂಡನು. ಅವನ ತಮ್ಮ ಜಿನವಲ್ಲಭನು ಕುರ್ಕ್ಯಾಲದ ಬಂಡೆಯ ಮೇಲೆ ಅದನ್ನು ಕೊರೆಯಿಸಿದನು. ‘ನಾನು ಪಾತ್ರನಲ್ಲ’ ಎಂದು ಆ ಮಹಾಕವಿ ನಾಚಿಕೊಳ್ಳಲಿಲ್ಲ. ಪಡೆದುದನ್ನು ಪಡೆದೆನೆಂದು ಹೇಳಿ, ಕೊಟ್ಟವನ ಹೆಸರನ್ನು ಉಳಿಸಿದನು. ಸತ್ಕಾರದ ಉತ್ತರಕ್ಕೂ ಇದೇ ಕ್ರಮ ಸಾಕೆಂದು ನಮಗೆ ತೋರಿತು: ಯಾರು ಕೊಟ್ಟರು, ಏತಕ್ಕೆ ಕೊಟ್ಟರು, ನಮ್ಮ ಪಾಲಿನ ಮೇರೆ ಎಲ್ಲಿಯವರೆಗೆ, ಇನ್ನು ಇದನ್ನು ಕಾಯುವ ಬಗೆ ಯಾವುದು.

ಇವುಗಳಲ್ಲಿ ಮೇರೆಯ ಪ್ರಶ್ನೆಯೇ ಕಠಿಣವಾದುದು. ಮನುಷ್ಯನ ಕೆಲಸಕ್ಕೆ ಹೊಲದಂತೆ ಬದುವಿರುವುದಿಲ್ಲ. ಸಾಂಗಲಿಯ ಚರಿತ್ರೆಯಲ್ಲಿಯೇ ಇದಕ್ಕೊಂದು ನಿದರ್ಶನವುಂಟು. ಪ್ರತಿ ವರ್ಷ ನವೆಂಬರ ೫ರಂದು ಈ ಊರಿನಲ್ಲಿ ಮರಾಠಿ ರಂಗಭೂಮಿಯ ದಿನವನ್ನು ಆಚರಿಸಿ, ಹಿರಿಯ ಕಲಾವಿದರೊಬ್ಬರಿಗೆ ವಿಷ್ಣುದಾಸ ಭಾವೆಯವರ ಹೆಸರಿನ ಗೌರವ ಪದಕವನ್ನು ಅರ್ಪಿಸುತ್ತಾರೆ. ೧೮೪೩ರಲ್ಲಿ ಭಾವೆಯವರು ಸಾಂಗಲಿಯಲ್ಲಿ ‘ಸೀತಾ ಸ್ವಯಂವರ’ವನ್ನು ಆಡಿದರು, ಮರಾಠಿ ರಂಗಭೂಮಿಯ ಹುಟ್ಟನ್ನು ಅಲ್ಲಿಂದಲೇ ಎಣಿಸುವರು. ಅದರ ಹಿಂದಿನ ವರ್ಷ ಉತ್ತರ ಕನ್ನಡದ ಹೊನ್ನಾವರದ ಬಳಿಯ ಕರ್ಕಿಯಿಂದ ಭಾಗವತರ ಮೇಳವೊಂದು ಸಾಂಗಲಿಗೆ ಬಂದು ಆಟವಾಡಿತ್ತು. ಅದನ್ನು ಕಂಡ ಸಂಸ್ಥಾನಾಧಿಪತಿ ಚಿಂತಾಮಣರಾವ ಪಟವರ್ಧನರು, ಅಂಥ ಆಟವನ್ನು ಮರಾಠಿಯಲ್ಲಿಯೂ ಆಡಬೇಕೆಂದು ಭಾವೆಯವರಿಗೆ ಅಪ್ಪಣೆ ಮಾಡಿದರು. ಭಾವೆಯವರ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಅವರು ಕಟ್ಟಿದುದು ಅವರದೇ. ಆದರೆ ಘಟ್ಟವನ್ನು ಹತ್ತಿ ಬಂದ ಆ ಕನ್ನಡ ಆಟಗಾರರನ್ನು ನೆನೆಯದಿದ್ದರೆ ಕಥೆಯ ಮೊದಲ ಅಧ್ಯಾಯವೇ ಬಿಟ್ಟುಹೋಗುತ್ತದೆ. ಪದಕವೊಂದರ ಮೇಲೆ ಒಂದೇ ಹೆಸರಿಗೆ ಎಡೆಯಿರುತ್ತದೆ. ಉಳಿದ ಹೆಸರುಗಳಿಗೆ ಎಡೆಮಾಡಿಕೊಡುವುದೇ ಉತ್ತರ ಭಾಷಣದ ಕೆಲಸ.

ಸಾಂಗಲಿ-ಮಿರಜಗಳ ನಡುವಿನ ದಾರಿಯಲ್ಲಿ, ವಿಶ್ರಾಮಬಾಗದಲ್ಲಿ, ೧೯೧೯ರಲ್ಲಿ ಸ್ಥಾಪನೆಯಾದ ವಿಲಿಂಗ್ಡನ್ ಕಾಲೇಜಿದೆ. ವಿನಾಯಕ ಕೃಷ್ಣ ಗೋಕಾಕರು ಅಲ್ಲಿ ಪ್ರಿನ್ಸಿಪಾಲರಾಗಿದ್ದರು, ರಂ. ಶ್ರೀ. ಮುಗಳಿಯವರು ಬಹುಕಾಲ ಕನ್ನಡವನ್ನು ಕಲಿಸಿದರು. ಮುಗಳಿಯವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ ೧೯೫೬ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಸುತ್ತಲೂ ಮರಾಠಿಯೇ ಕೇಳಿಬರುವ ಊರಿನಲ್ಲಿ ಕನ್ನಡ ಕಲಿಸಿದ ಅಧ್ಯಾಪಕರೊಬ್ಬರಿಗೆ ಆ ಮನ್ನಣೆ ದೊರೆತುದು ನಮ್ಮಂಥವರಿಗೆ ಇಂದಿಗೂ ಧೈರ್ಯದ ಮಾತು. ಆ ಗ್ರಂಥದ ಸ್ವರೂಪವನ್ನೂ ನೋಡಬೇಕು. ಸಾಹಿತ್ಯ ಚರಿತ್ರೆಯೆಂದರೆ ಮೊದಲ ಪುಟದಿಂದ ಕಡೆಯ ಪುಟದವರೆಗೆ ಇತರರ ಹೆಸರು, ಇತರರ ಕೃತಿ. ಸಾವಿರ ವರ್ಷದವರ ದುಡಿಮೆಯನ್ನು ಒಬ್ಬೊಬ್ಬರ ಹೆಸರು ಹಿಡಿದು ಹೇಳಿದವರಿಗೆ ಪ್ರಶಸ್ತಿ ಸಂದಿತು. ೨೦೦೮ರಲ್ಲಿ ಭಾರತರತ್ನ ದೊರೆತಾಗ ಪಂಡಿತ ಭೀಮಸೇನ ಜೋಶಿಯವರು, ಸಂಗೀತಕ್ಕೆ ಬಾಳನ್ನು ಸಮರ್ಪಿಸಿದ ಹಿಂದುಸ್ತಾನಿ ಗಾಯಕರೆಲ್ಲರ ಪರವಾಗಿ ಅದನ್ನು ಸ್ವೀಕರಿಸುವುದಾಗಿ ತಿಳಿಸಿದರು. ಅವರ ಗುರು ಕುಂದಗೋಳದ ಸವಾಯಿ ಗಂಧರ್ವರು. ಆ ಗುರುವಿನ ಗುರು ಮಿರಜದಲ್ಲಿ ನೆಲೆಸಿದ ಅಬ್ದುಲ ಕರೀಮಖಾನರು. ‘ಎಲ್ಲರ ಪರವಾಗಿ’ ಎಂಬ ಮಾತು ಅಂಥವರ ಬಾಯಿಯಲ್ಲಿ ಪೊಳ್ಳಾಗುವುದಿಲ್ಲ. ಆ ‘ಎಲ್ಲರ’ ಹೆಸರುಗಳು ಕೇಳುಗರಿಗೆ ಮೊದಲೇ ಗೊತ್ತು. ನಮ್ಮ ಸಾಲದ ಮಂದಿಯ ಹೆಸರು ಯಾರಿಗೂ ಗೊತ್ತಿಲ್ಲ. ಆದುದರಿಂದ ನಾವು ಬಿಡಿಸಿಯೇ ಹೇಳಬೇಕು.

ಈಗ ಆ ವಾಕ್ಯದ ಸಂಗತಿ. ಜತ್ತ ಸೀಮೆ ಮಳೆ ಕಡಿಮೆಯ ನಾಡು. ದೀಪಾವಳಿ ಮುಗಿದೊಡನೆ ಕಬ್ಬು ಕಡಿಯುವ ಟೋಳಿಗಳು ಮುಕಾದಮನ ಹಿಂದೆ ಕೃಷ್ಣೆಯ ದಂಡೆಯ ಕಡೆಗೆ ಹೊರಡುತ್ತವೆ. ತಾಯಿತಂದೆಗಳ ಬೆನ್ನಿಗೆ ಮಕ್ಕಳೂ ಹೊರಡುತ್ತಾರೆ. ಮಳೆ ಪೂರ್ಣ ಕೈಕೊಟ್ಟ ಒಂದು ವರ್ಷ ನಮ್ಮ ಶಾಲೆಯ ಹದಿನಾರು ಮಕ್ಕಳ ಮನೆಗಳಿಗೆ ಬೀಗ ಬೀಳುವುದಿತ್ತು. ಒಂಬತ್ತು ಮಕ್ಕಳು ಊರಿನಲ್ಲಿ ಉಳಿದರು. ಉಳಿಸಿಕೊಂಡವರು ಮೂವರು ಅಜ್ಜಿಯಂದಿರು. ತಮ್ಮ ಮೊಮ್ಮಕ್ಕಳೊಡನೆ ನೆರೆಮನೆಯ ಮಕ್ಕಳನ್ನೂ ಸೇರಿಸಿಕೊಂಡು, ಆರು ತಿಂಗಳು ನಸುಕಿನಲ್ಲಿ ಎದ್ದು ಜೋಳದ ರೊಟ್ಟಿ ಬಡಿದರು. ಏಳು ಮಕ್ಕಳು ಹೋದರು. ನಮ್ಮ ಶಾಲೆಯ ಅಕ್ಕೋರು ರವಿವಾರದ ರಜೆಯಲ್ಲಿ ಬಸ್ಸು ಹಿಡಿದು ಅವರ ಗುಡಿಸಲುಗಳಿಗೆ ಹೋಗಿ, ಪಾಟಿಯ ಮೇಲೆ ಒತ್ತಕ್ಷರ ತಿದ್ದಿಸಿ ಬರುತ್ತಿದ್ದರು. ಬಸ್ಸಿನ ಖರ್ಚು ಅವರದೇ. ಬೇಸಗೆಯಲ್ಲಿ ಆ ಏಳರಲ್ಲಿ ಇಬ್ಬರು ಶಾಲೆಗೆ ಮರಳಿದರು. ಐವರು ಮರಳಲಿಲ್ಲ.

ಹೀಗಿರುವಾಗ ಒಂದು ಮಗುವೂ ಶಾಲೆ ಬಿಡಲಿಲ್ಲವೆಂಬ ವಾಕ್ಯದ ಕೆಳಗೆ ನಿಂತು ಕೈಮುಗಿಯುವುದು ಹೇಗೆ? ಅದನ್ನು ಬರೆದವರಲ್ಲಿ ದುರುದ್ದೇಶವಿರಲಿಲ್ಲ. ಪ್ರೀತಿಯು ಲೆಕ್ಕ ಮಾಡುವಾಗ ಸೊನ್ನೆಯನ್ನೇ ಬಯಸುತ್ತದೆ. ನಿವೃತ್ತರಾದ ಹಿರಿಯ ಮುಖ್ಯಾಧ್ಯಾಪಕರೊಬ್ಬರನ್ನು ವಿಚಾರಿಸಿದೆವು. ಅವರು ನಕ್ಕು, ‘ಮಾಸ್ತರ, ಹಾರ ಹಾಕಿಸಿಕೊಳ್ಳೂ ಹೊತ್ತಿನ್ಯಾಗ ಹಾಜರಿ ಪುಸ್ತಕ ಯಾಕ ಬಿಚ್ಚತೀರಿ? ಕೊಟ್ಟವರ ಮನಸ್ಸು ನೊಂದೀತು’ ಎಂದರು. ಅವರ ಮಾತಿನಲ್ಲಿ ಹುರುಳಿತ್ತು. ಸತ್ಕಾರದ ಸಭೆ ವಿಚಾರಣೆಯ ಕಟ್ಟೆಯಲ್ಲ. ಆದರೆ ಆ ವಾಕ್ಯ ಹಾಗೆಯೇ ನಿಂತರೆ ಐದು ಮಕ್ಕಳು ಲೆಕ್ಕದಿಂದ ಅಳಿಸಿಹೋಗುತ್ತಾರೆ. ಯಾರೂ ಹೋಗಲೇ ಇಲ್ಲವೆಂದ ಮೇಲೆ ಮೂವರು ಅಜ್ಜಿಯಂದಿರು ಉಳಿಸಿಕೊಂಡುದಾದರೂ ಏನನ್ನು? ಅಕ್ಕೋರು ಬಸ್ಸು ಹತ್ತಿದುದಾದರೂ ಏತಕ್ಕೆ? ಸೊನ್ನೆಯನ್ನು ಒಪ್ಪಿಕೊಂಡರೆ ಎಲ್ಲ ಕೀರ್ತಿಯೂ ನಮಗೊಬ್ಬರಿಗೇ ಬಂದು ಬೀಳುತ್ತದೆ. ಹಾಗೆಂದು ಮುಖ್ಯಾಧ್ಯಾಪಕರಿಗೆ ಬಿನ್ನವಿಸಿದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರ ಹೇಳ್ರಿ. ಆದ್ರ ಕಡೀಕ ಹೇಳಬ್ಯಾಡ್ರಿ, ನಡುವ ಹೇಳ್ರಿ’ ಎಂದರು. ನಮಗೆ ದೊರೆತ ಸಲಹೆಗಳಲ್ಲಿ ಇದಕ್ಕಿಂತ ಬೆಲೆಯುಳ್ಳದು ಬೇರೊಂದಿಲ್ಲ. ಕಡೆಯಲ್ಲಿ ಹೇಳಿದ ತಿದ್ದುಪಡಿ ಆಕ್ಷೇಪಣೆಯಾಗಿ ಕೇಳಿಸುತ್ತದೆ. ನಡುವೆ ಹೇಳಿದುದು ಕಥೆಯ ಭಾಗವಾಗುತ್ತದೆ.

ಇನ್ನೊಂದು ವಿವೇಕವೂ ಬೇಕಾಯಿತು. ಅಜ್ಜಿಯಂದಿರ ಮತ್ತು ಅಕ್ಕೋರ ಹೆಸರುಗಳನ್ನು ಸಭೆಯಲ್ಲಿ ಗಟ್ಟಿಯಾಗಿ ಹೇಳುವುದೆಂದು ನಿಶ್ಚಯಿಸಿದೆವು. ಐದು ಮಕ್ಕಳ ಸಂಖ್ಯೆಯನ್ನು ಮಾತ್ರ ಹೇಳುವುದು, ಹೆಸರನ್ನು ಹೇಳಕೂಡದು. ಉಪಕಾರ ಮಾಡಿದವರ ಹೆಸರು ಸಭೆಗೆ ಸಲ್ಲುತ್ತದೆ. ಬಡತನಕ್ಕೆ ಸಿಕ್ಕವರ ಹೆಸರು ಅವರ ಮನೆಗೆ ಸೇರಿದ್ದು.

ಭಾಷೆಯ ವಿಷಯವೊಂದು ಉಳಿಯಿತು. ಕರೆದವರು ಮರಾಠಿಯವರು, ಸಭೆಯ ಬಹುಭಾಗ ಮರಾಠಿ ಬಲ್ಲವರು. ಕನ್ನಡ ಶಾಲೆಯ ಹೆಸರಿನಲ್ಲಿ ಗೌರವ ಪಡೆದು ಪೂರ್ಣ ಮರಾಠಿಯಲ್ಲಿ ಮಾತನಾಡಿದರೆ, ಹಿಂದಿನ ಸಾಲಿನಲ್ಲಿ ಕುಳಿತ ನಮ್ಮ ಮಕ್ಕಳು ತಮ್ಮ ನುಡಿ ಶಾಲೆಯ ಗೋಡೆಯೊಳಗಿನದೆಂದು ತಿಳಿದಾರು. ಪೂರ್ಣ ಕನ್ನಡದಲ್ಲಿ ಮಾತನಾಡಿದರೆ, ಪ್ರೀತಿಯಿಂದ ಕೊಟ್ಟವರಿಗೆ ನಮ್ಮ ಕೃತಜ್ಞತೆ ತಿಳಿಯಲಾರದು. ತಿಳಿಯದ ನುಡಿಯಲ್ಲಿ ಹೇಳಿದ ಕೃತಜ್ಞತೆ ವಿಳಾಸವಿಲ್ಲದ ಕಾಗದದಂತೆ. ಆದುದರಿಂದ ಕೊಟ್ಟವರಿಗೆ ಹೇಳುವುದನ್ನು ಅವರ ಮಾತಿನಲ್ಲಿ, ಅಜ್ಜಿಯಂದಿರಿಗೆ ಹಾಗೂ ಮಕ್ಕಳಿಗೆ ಹೇಳುವುದನ್ನು ನಮ್ಮ ಮಾತಿನಲ್ಲಿ ಎಂದು ಹಂಚಿದೆವು.

ಬರೆದುದನ್ನು ಗಡಿಯಾರವಿಟ್ಟುಕೊಂಡು ಓದಿದರೆ ಒಂಬತ್ತು ನಿಮಿಷವಾಯಿತು. ಮಿರಜದಲ್ಲಿ ತಂಬೂರಿ ಮಾಡುವವರು ಜವಾರಿ ಕೂಡಿಸುವುದನ್ನು ಕಂಡವರಿಗೆ ನಮ್ಮ ಮುಂದಿನ ಕೆಲಸ ತಿಳಿದೀತು. ತಂತಿಯು ಕುದುರೆಯ ಮೇಲೆ ಒರಗುವಲ್ಲಿ ಒಂದು ಎಳೆ ದಾರವನ್ನು ಸೇರಿಸಿ, ಕೂದಲೆಳೆಯಷ್ಟು ಹಿಂದಕ್ಕೆ, ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ, ನಾದ ಬಿಚ್ಚಿಕೊಳ್ಳುವ ಜಾಗ ಬಂದೊಡನೆ ಕೈ ತೆಗೆಯುತ್ತಾರೆ. ನಾವು ಬಳಸಿದ ‘ಅಪಾರ’, ‘ಅನನ್ಯ’, ‘ಚಿರಋಣಿ’ಗಳನ್ನು ಒಂದೊಂದಾಗಿ ತೆಗೆದು, ಪ್ರತಿ ಸಲವೂ ಗಟ್ಟಿಯಾಗಿ ಓದಿ ಕೇಳಿದೆವು. ವಿಶೇಷಣ ಹೋದಲ್ಲೆಲ್ಲ ಸಂಗತಿ ನಿಚ್ಚಳವಾಯಿತು. ‘ಅಪಾರ ತ್ಯಾಗ ಮಾಡಿದ ಅಜ್ಜಿ’ ಎನ್ನುವುದಕ್ಕಿಂತ ‘ಆರು ತಿಂಗಳು ರೊಟ್ಟಿ ಬಡಿದ ಅಜ್ಜಿ’ ಎಂದರೆ ಸಾಕು. ತ್ಯಾಗವನ್ನು ಕೇಳುವವರೇ ಕಂಡುಕೊಳ್ಳುತ್ತಾರೆ. ಕಡೆಗೆ ನಾಲ್ಕೂವರೆ ನಿಮಿಷಕ್ಕೆ ಬಂದು ನಿಂತಿತು.

ಸಭೆಯ ದಿನ ಓದಿದೆವು. ಐದರ ಸಂಖ್ಯೆಯನ್ನು ಹೇಳಿದಾಗ ಸಭಾಗೃಹ ನಿಶ್ಶಬ್ದವಾಯಿತು. ಅಜ್ಜಿಯಂದಿರ ಹೆಸರು ಬಂದಾಗ ಚಪ್ಪಾಳೆ ಬಿದ್ದಿತು; ನಮ್ಮ ಹೆಸರಿಗೆ ಬಿದ್ದುದಕ್ಕಿಂತ ಅದು ದೊಡ್ಡದಾಗಿತ್ತು. ಮೂವರಲ್ಲಿ ಒಬ್ಬರು ಮಾತ್ರ ಬದುಕಿದ್ದಾರೆ, ಅವರು ಬರಲಾಗಿರಲಿಲ್ಲ. ಶ್ರೀಫಲವನ್ನು ಅವರ ಮನೆಗೆ ಮುಟ್ಟಿಸಿದೆವು. ಸಂಸ್ಥೆಯ ಕಾರ್ಯದರ್ಶಿಗಳು ನೊಂದುಕೊಳ್ಳಲಿಲ್ಲ. ಮಾನಪತ್ರವನ್ನು ಮರಳಿ ಇಸಿದುಕೊಂಡು, ಆ ವಾಕ್ಯವನ್ನು ಲೇಖನಿಯಿಂದ ಹೊಡೆದುಹಾಕಿ, ಮಗ್ಗುಲಲ್ಲಿ ಸರಿಯಾದುದನ್ನು ಬರೆದು ಸಹಿ ಮಾಡಿ ಕೊಟ್ಟರು. ತಿದ್ದಿದ ಆ ಪತ್ರವೇ ಈಗ ಶಾಲೆಯಲ್ಲಿ ತೂಗುತ್ತಿದೆ.

ಇದನ್ನೋದುವ ವಿದ್ಯಾರ್ಥಿಗಳಿಗೆ ಒಂದು ಮಾತು. ಓಟದ ಪಂದ್ಯದಲ್ಲಿ ಗೆದ್ದ ಪಾರಿತೋಷಕವಾಗಲಿ, ನಿಬಂಧ ಸ್ಪರ್ಧೆಯ ಪುಸ್ತಕವಾಗಲಿ, ನಿಮ್ಮ ಕೈಗೂ ಒಂದು ದಿನ ಬಂದೀತು. ಅಂದು ಎರಡೇ ವಾಕ್ಯ ಹೇಳಲು ಎಡೆ ಸಿಕ್ಕರೂ ಚಿಂತೆಯಿಲ್ಲ. ಸಂತೋಷವಾಗಿದ್ದರೆ ಸಂತೋಷವಾಯಿತೆಂದು ನೇರವಾಗಿ ಹೇಳಿರಿ. ನಿಮಗಾಗಿ ಒಬ್ಬರು ಮಾಡಿದ ಒಂದು ಕೆಲಸವನ್ನು, ಅವರ ಹೆಸರಿನೊಡನೆ, ನಡೆದಂತೆಯೇ ಹೇಳಿರಿ. ನಿಮ್ಮ ಪಾಲಿಗೆ ಹೆಚ್ಚು ಬಂದಿದ್ದರೆ ಆ ಹೆಚ್ಚನ್ನು ಅಲ್ಲಿಯೇ ಇಳಿಸಿ, ಮನೆಗೆ ನಡೆಯಿರಿ. ಭಾರ ಕಡಿಮೆಯಾದಷ್ಟೂ ದಾರಿ ಹಗುರಾಗುತ್ತದೆ.