ಹಾಲಿನ ಲೆಕ್ಕದ ಪುಸ್ತಕದಲ್ಲಿ ಸಿಕ್ಕ ತಪ್ಪು

ನಮ್ಮದು ತಿಪಟೂರಿನ ಕಡೆ ಸಣ್ಣದೊಂದು ತೆಂಗಿನ ತೋಟ. ಮನೆಯಿಂದ ಮೂರು ಕಿಲೋಮೀಟರು ದೂರ. ಪಂಪಿಗೆ ತ್ರೀ ಫೇಸ್ ಕರೆಂಟು ಬರುವುದು ಎಷ್ಟೋ ಸಲ ರಾತ್ರಿಯ ಸರದಿಯಲ್ಲಿ. ಹೋದ ಬೇಸಿಗೆಯಲ್ಲಿ ಮೋಟಾರು ಹಾಕಲು ಹೋದ ನಮ್ಮ ಯಜಮಾನರು ಕತ್ತಲಲ್ಲಿ ಕಾಲುವೆಯ ಕೆಸರಿನಲ್ಲಿ ಜಾರಿ ಬಿದ್ದು ಮೂರು ವಾರ ಹಾಸಿಗೆ ಹಿಡಿದರು. ಅಂದಿನಿಂದ ಅವರು ಬ್ಯಾಟರಿ ಹಿಡಿದು ಹೊರಟರೆ, ಮತ್ತೆ ಬಾಗಿಲು ಸದ್ದಾಗುವ ತನಕ ನನಗೆ ನಿದ್ದೆಯಿಲ್ಲ.

ಡಿಪ್ಲೊಮಾ ಓದುವ ಮಗ, "ಅಮ್ಮಾ, ಮೊಬೈಲಿನಿಂದ್ಲೇ ಮೋಟಾರು ಹಾಕೋ ಹಾಗೆ ಮಾಡ್ತೀನಿ" ಎಂದ. ಆರ್ಡುಯಿನೊ ಊನೊ ಎಂಬ ಅಂಗೈಯಗಲದ ಹಲಗೆ, ಸಿಮ್ ಹಾಕುವ ಒಂದು ಮಾಡ್ಯೂಲು, ಒಂದು ರಿಲೇ ತಂದ. ಇಂಗ್ಲಿಷಿನಲ್ಲಿ 'ಆನ್' ಎಂದು ಮೆಸೇಜು ಕಳಿಸಿದರೆ ರಿಲೇ ಟಿಕ್ ಎನ್ನಬೇಕು. ಹದಿನೈದು ದಿನ ಒದ್ದಾಡಿದರೂ ಎನ್ನಲಿಲ್ಲ. "ಈ ಆಟದ ಸಾಮಾನು ನಂಬಿ ತೋಟ ಒಣಗಿಸ್ಬೇಕಾ? ಹೋಗಿ ಪರೀಕ್ಷೆಗೆ ಓದ್ಕೋ" ಎಂದು ಇವರು ಗದರಿದರು. ಮಗ ಅರ್ಧ ಊಟಕ್ಕೇ ಎದ್ದುಹೋದ.

ರಾತ್ರಿ ಹಾಲಿನ ಲೋಟ ಹಿಡಿದು ಅವನ ಮೇಜಿನ ಹತ್ತಿರ ಹೋದೆ.

"ಬಂದ ಮಾತು 'ಆನ್' ಆಗಿದ್ರೆ ರಿಲೇ ಹಾಕು ಅಂತ ಸರಿಯಾಗೇ ಬರೆದಿದೀನಮ್ಮಾ" ಎಂದ.

"ನೀನು ಹೇಳಿದ್ದು ಸರಿ ಕಣೋ. ಅದಕ್ಕೆ ಕೇಳಿಸಿದ್ದು ಏನು ಅಂತ ನೋಡಿದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಬಂದ ಮಾತಿನ ಹಿಂದೊಂದು, ಮುಂದೊಂದು ಕಂಸ ಹಾಕಿ ಕಂಪ್ಯೂಟರಿನ ಪರದೆಗೆ ಬರುವಂತೆ ಮಾಡಿದ. ಮೊದಲ ಕಂಸವೂ 'ಆನ್' ಎಂಬುದೂ ಒಂದು ಸಾಲಿನಲ್ಲಿ. ಮುಚ್ಚುವ ಕಂಸ ಕೆಳಗಿನ ಸಾಲಿನಲ್ಲಿ! ಸಾಲು ಮುಗಿಯಿತು ಎನ್ನುವುದಕ್ಕೆ ಮಾಡ್ಯೂಲು ಕಣ್ಣಿಗೆ ಕಾಣದ ಎರಡು ಗುರುತುಗಳನ್ನು ಕೊನೆಗೆ ಸೇರಿಸುತ್ತದಂತೆ. ನಮಗೆ ಇಂಗ್ಲಿಷಿನ ಎರಡು ಅಕ್ಷರ, ಅದರ ಲೆಕ್ಕಕ್ಕೆ ನಾಲ್ಕು. ಎರಡೂ ಒಂದೇ ಎಂದು ಅದು ಹೇಗೆ ಒಪ್ಪೀತು? ಮಗ ಆ ಬಾಲ ಕತ್ತರಿಸಿದ. ರಿಲೇ ಟಿಕ್ ಎಂದಿತು.

ಆದರೆ ಸಂತೋಷ ಒಂದೇ ದಿನ. ಬೆಳಿಗ್ಗೆ ಹಚ್ಚಿಟ್ಟರೆ ಸಂಜೆಯ ಹೊತ್ತಿಗೆ ಯಂತ್ರ ಮಂಕಾಗಿ ಕೂರುತ್ತಿತ್ತು. ಆರಿಸಿ ಹಾಕಿದರೆ ಮತ್ತೆ ಸರಿ. ನೆನಪಿನ ಜಾಗ ಸಾಲುತ್ತಿಲ್ಲವೆಂದು ಮಗನಿಗೆ ಅನುಮಾನ. ಆ ಹಲಗೆಗೆ ಕೆಲಸದ ನೆನಪು ಒಟ್ಟು 2048 ಬೈಟು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು. ಉಳಿದ ಜಾಗ ಎಷ್ಟೆಂದು ಪರದೆಯ ಮೇಲೆ ಕಾಣುವ ಹಾಗೆ ಮಾಡಿ, "ಅಮ್ಮಾ, ಗಂಟೆಗೊಂದ್ಸಲ ಬರೆದಿಡ್ತೀಯಾ?" ಎಂದು ಕೇಳಿ ಕಾಲೇಜಿಗೆ ಹೋದ.

ಹಾಲಿನ ಲೆಕ್ಕದ ಪುಸ್ತಕದ ಕೊನೆಯ ಪುಟದಲ್ಲಿ ಬರೆದೆ. 9 ಗಂಟೆಗೆ 812. 10ಕ್ಕೂ 812. 11ಕ್ಕೆ 655. ಗಂಟೆಗೂ ಇಳಿತಕ್ಕೂ ಹೊಂದಿಕೆಯೇ ಇಲ್ಲ. ಅವರೆಕಾಯಿ ಸುಲಿಯುತ್ತ ಅಲ್ಲೇ ಕುಳಿತು ನೋಡಿದೆ. ಸಂಖ್ಯೆ ಇಳಿಯುತ್ತಿದ್ದುದು ಸಿಮ್ ಕಂಪೆನಿಯ ಉದ್ದುದ್ದ ಜಾಹೀರಾತು ಮೆಸೇಜು ಬಂದಾಗ! ಅದನ್ನೂ ಪಕ್ಕದಲ್ಲಿ ಬರೆದೆ. 4 ಗಂಟೆಗೆ 96. ಆಮೇಲೆ ಪರದೆಯ ಮೇಲೆ ಏನೂ ಬರಲಿಲ್ಲ.

ಸಂಜೆ ಪುಸ್ತಕ ನೋಡಿದ ಮಗ, "ಸಿಕ್ತು ಕಣಮ್ಮಾ!" ಎಂದು ಕುಣಿದ. ಪ್ರೋಗ್ರಾಂ ಬಂದ ಮಾತನ್ನು ಅಕ್ಷರಕ್ಕೆ ಅಕ್ಷರ ಜೋಡಿಸುತ್ತ, ಇದ್ದ ಜಾಗ ಸಾಲದಾದಾಗ ದೊಡ್ಡ ಜಾಗ ಹುಡುಕಿ ಹೋಗುತ್ತಿತ್ತಂತೆ. ಬಿಟ್ಟುಹೋದ ಜಾಗ ಅಲ್ಲಲ್ಲಿ ತುಣುಕಾಗಿ ಉಳಿಯುತ್ತಿತ್ತು. ಗೂಡಿನಲ್ಲಿ ಡಬ್ಬಗಳ ನಡುವೆ ನಾಲ್ಕು ನಾಲ್ಕು ಬೆರಳು ಸಂದು ಬಿಟ್ಟರೆ, ಎಲ್ಲ ಕೂಡಿದಾಗ ಜಾಗ ಸಾಕಷ್ಟಿದ್ದರೂ ದೊಡ್ಡ ಪಾತ್ರೆ ಇಡಲಾದೀತೇ? ಹಾಗೇ.

ಬಂದ ಮಾತಿಗೆಂದು ಅಳತೆಯ ಒಂದು ಡಬ್ಬ ಮೊದಲೇ ಇಟ್ಟ. ತುಂಬಿದ ಮೇಲೆ ಬಂದದ್ದನ್ನು ಚೆಲ್ಲಿಬಿಡುವಂತೆ ಮಾಡಿದ. ನಮ್ಮ ಮನೆಯ ನಂಬರುಗಳನ್ನು ಬಿಟ್ಟು ಬೇರೆಯವರ ಆಜ್ಞೆ ನಡೆಯದ ಹಾಗೆ ಮಾಡಿದ. +91 ಸೇರಿ ನಂಬರಿಗೆ 13 ಗುರುತು. ಆದರೆ 'ಮುಗಿಯಿತು' ಎನ್ನುವ ಸೊನ್ನೆಗೂ ಸೇರಿ 14 ಮನೆ ಬೇಕು. 13 ಇಟ್ಟರೆ ಆ ಸೊನ್ನೆ ಪಕ್ಕದ ಡಬ್ಬಕ್ಕೆ ಬಿದ್ದು ಅಲ್ಲಿದ್ದುದನ್ನು ಕೆಡಿಸುತ್ತದೆ. ಎಂದೂ ಬದಲಾಗದ ಸಿದ್ಧ ವಾಕ್ಯಗಳನ್ನು, ನಾವು ಹಬ್ಬದ ಪಾತ್ರೆಗಳನ್ನು ಅಟ್ಟಕ್ಕೆ ಹಾಕುವ ಹಾಗೆ, 32 ಕಿಲೋಬೈಟಿನ ಪ್ರೋಗ್ರಾಂ ಜಾಗದಲ್ಲೇ ಉಳಿಸಿದ.

ಒಂದು ವಾರ ಬರೆದೆ. ಬೆಳಿಗ್ಗೆಯ ಸಂಖ್ಯೆಯೇ ರಾತ್ರಿಗೂ. ಪುಸ್ತಕವನ್ನು ಇವರ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಪುಟಪುಟವನ್ನೂ ನೋಡಿದರು, ಏನೂ ಅನ್ನಲಿಲ್ಲ. ಮರುದಿನ ಎಲೆಕ್ಟ್ರಿಷಿಯನ್ನನ್ನು ಕರೆದುಕೊಂಡು ಮಗನ ಜತೆ ತೋಟಕ್ಕೆ ಹೊರಟರು.

ಈಗ ಸರದಿಯ ಹೊತ್ತಿಗೆ ಇವರು ಹಾಸಿಗೆಯಲ್ಲೇ ಕುಳಿತು ಮೆಸೇಜು ಒತ್ತುತ್ತಾರೆ. ಉತ್ತರ ಬಂದ ಮೇಲೆ ದೀಪ ಆರಿಸುತ್ತಾರೆ. ನನಗೂ ನಿದ್ದೆ ಬರುತ್ತದೆ.

ಆ ದಿನದ ಊಟದ ಜಗಳ ಮಾತ್ರ ಇನ್ನೂ ನೆನಪಿದೆ. ಇವರು ಹೇಳಿದ್ದು ಮಗನ ಪರೀಕ್ಷೆಯ ಚಿಂತೆಯಿಂದ. ಮಗನಿಗೆ ಕೇಳಿಸಿದ್ದು 'ನಿನ್ನ ಕೈಲಾಗದು' ಎಂದು. ಮನೆಯಲ್ಲಿ ಮಾತು ಕೆಟ್ಟಾಗ, ಹೇಳಿದವರನ್ನು ಬಿಟ್ಟು ಕೇಳಿದವರ ಪಕ್ಕದಲ್ಲಿ ಒಂದು ಗಳಿಗೆ ಕುಳಿತು, "ನಿನಗೇನು ಕೇಳಿಸಿತಪ್ಪಾ?" ಎಂದು ವಿಚಾರಿಸಿ ನೋಡಿ, ಸೋದರಿಯರೇ. ನಾನಂತೂ ಈಗ ಹಾಗೇ ಮಾಡುತ್ತೇನೆ.